ಅಡಿಗಲ್ಲು ಮೀಮಾಂಸೆ: ಭೀಮಾ ತೀರದ ಒಂದು ಶಾಸನಾಧ್ಯಯನ

ಶಾಸನತಜ್ಞರು ಕಲಬುರಗಿ ಸೀಮೆಯ ಕಲ್ಲುಗಳನ್ನು ರಾಷ್ಟ್ರಕೂಟರ ಕಾಲದಿಂದ ಹಿಡಿದು ಓದಿದ್ದಾರೆ. ಆದರೆ ಈಚಿನ ದಶಕಗಳಲ್ಲಿ ಹೇರಳವಾಗಿ ನೆಟ್ಟ ಗ್ರಾನೈಟ್ ಶಾಸನಗಳತ್ತ ಯಾರೂ ಸುಳಿದಿಲ್ಲ. ಆ ಕೊರತೆ ನೀಗಿಸಲೆಂದೇ ಈ ಪ್ರಬಂಧ. ಹಳೆಯ ಶಾಸನವು ಸಾಮಾನ್ಯವಾಗಿ ಬಿಟ್ಟ ದತ್ತಿಯನ್ನೋ ಕಟ್ಟಿಸಿದ ಕೆರೆಯನ್ನೋ ಹೇಳಿ, ಕೆಡಿಸಿದವನಿಗೆ ಶಾಪ ಹಾಕಿ ಮುಗಿಯುತ್ತದೆ. ಹೊಸ ಶಾಸನ ಇನ್ನೂ ಆಗಬೇಕಾದ ಕೆಲಸವನ್ನು ಹೇಳುತ್ತದೆ. ಶಾಪವಿದ್ದ ಜಾಗದಲ್ಲಿ ಘನ ಉಪಸ್ಥಿತಿಯ ಪಟ್ಟಿ ಇರುತ್ತದೆ.

ಮೊದಲು ಕಾಲಮಾನ. ವರ್ಷ, ತಿಂಗಳುಗಳು ಬೆಂಗಳೂರಿನ ಅಳತೆಗಳು. ಈ ನೆಲಕ್ಕೆ ಒಪ್ಪುವ ಮಾನ ‘ತೊಗರಿ’: ಮುಂಗಾರಿನ ಬಿತ್ತನೆಯಿಂದ ರಾಶಿಯವರೆಗಿನ ಅವಧಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿರುವುದರಿಂದ ಈ ಮಾನಕ್ಕೆ ಸರ್ಕಾರಿ ಮುದ್ರೆಯೂ ಇದೆಯೆನ್ನಬಹುದು.

ಪ್ರಯೋಗ: ಕಲಬುರಗಿ ವಿಮಾನ ನಿಲ್ದಾಣ. 2008ರ ಜೂನ್ 14ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದಾಗ ರೈತರು ಕೂರಿಗೆ ಕಟ್ಟುವ ಹೊತ್ತು. ಖಾಸಗಿ ಸಹಭಾಗಿತ್ವದಲ್ಲಿ ಹೊರಟ ಕೆಲಸ ನಡುವೆ ಮುಗ್ಗರಿಸಿ ಕೊನೆಗೆ ಲೋಕೋಪಯೋಗಿ ಇಲಾಖೆಯ ಕೈಗೆ ಬಂತು. 2019ರ ನವೆಂಬರ್ 22ರಂದು ನಿಲ್ದಾಣ ಉದ್ಘಾಟನೆಯಾದಾಗ 11 ತೊಗರಿ ರಾಶಿಯಾಗಿ ಹನ್ನೆರಡನೆಯದು ಹೊಲದಲ್ಲಿ ನಿಂತಿತ್ತು. ಉದ್ಘಾಟಿಸಿದವರೂ ಮುಖ್ಯಮಂತ್ರಿ ಯಡಿಯೂರಪ್ಪನವರೇ. ನಡುವೆ ಅವರು ಕುರ್ಚಿ ಬಿಟ್ಟು, ಪಕ್ಷ ಬಿಟ್ಟು, ಮರಳಿ ಬಂದಿದ್ದರು. ರನ್‌ವೇ ಅವರಿಗಾಗಿ ಕಾದಿತ್ತೆಂಬ ವಾದವನ್ನು ಶಾಸ್ತ್ರ ಒಪ್ಪದು, ತಳ್ಳಿಹಾಕದು.

ಬೀದರ್–ಕಲಬುರಗಿ ರೈಲು ಮಾರ್ಗದ ಲೆಕ್ಕ ಇನ್ನೂ ದೊಡ್ಡದು. 1990ರ ದಶಕದಲ್ಲಿ ಮಂಜೂರಾದ 110 ಕಿ.ಮೀ. ಹಳಿ ಲೋಕಾರ್ಪಣೆಯಾದದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ವೆಚ್ಚ 1,542 ಕೋಟಿ ರೂಪಾಯಿ ಮುಟ್ಟಿತ್ತು. ಆಳಂದ ಪಟ್ಟಣಕ್ಕೆ ರೈಲೇ ಇಲ್ಲದ್ದರಿಂದ ಅಲ್ಲಿ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ವೇಗವರ್ಧಕಗಳು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಆಳಂದ, ಅಫಜಲಪುರ, ಜೇವರ್ಗಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ಸಂವಿಧಾನದ 371ಜೆ ವಿಧಿ ಬಂತು, ಪ್ರದೇಶಾಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. (ಎಲ್ಲ ಕಾಮಗಾರಿಗಳಿಗಿಂತ ಬೇಗ ಮುಗಿದದ್ದು ಬೋರ್ಡು ಬರೆಸುವ ಕಾಮಗಾರಿ.) ಪ್ರಾದೇಶಿಕ ಅಸಮತೋಲನ ಎಷ್ಟು ಉಳಿದಿದೆಯೆಂದು ನೋಡಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಸಮಿತಿ. ದಿಲ್ಲಿಯಲ್ಲಿ 2015ರ ಮಾರ್ಚ್‌ನಿಂದ ‘ಪ್ರಗತಿ’: ತಿಂಗಳ ನಾಲ್ಕನೇ ಬುಧವಾರ ಮಧ್ಯಾಹ್ನ ಮೂರೂವರೆಗೆ ಪ್ರಧಾನಿ ಪರದೆಯ ಮುಂದೆ ಕೂತು, ನಿಂತ ಯೋಜನೆಗಳ ಬಗ್ಗೆ ಮುಖ್ಯ ಕಾರ್ಯದರ್ಶಿಗಳನ್ನು ವಿಚಾರಿಸುವ ಏರ್ಪಾಡು. 2021ರ ಅಕ್ಟೋಬರ್‌ನಲ್ಲಿ ‘ಗತಿಶಕ್ತಿ’: ರಸ್ತೆ, ರೈಲು, ಪೈಪು, ಕಾಡು ಎಲ್ಲವೂ ಒಂದೇ ನಕ್ಷೆಯಲ್ಲಿ.

ನಕ್ಷೆ ಒಳ್ಳೆಯದೇ, ಹಾಕಿದ ರಸ್ತೆಯನ್ನು ಮರುವಾರ ಪೈಪಿಗಾಗಿ ಅಗೆಯುವುದು ತಪ್ಪಿದರೆ ಯಾರಿಗೆ ಬೇಡ? ಆದರೆ ಉಪಗ್ರಹಕ್ಕೆ ಪಹಣಿ ಕಾಣಿಸದು. ಸೂರತ್–ಚೆನ್ನೈ ಹೆದ್ದಾರಿಯನ್ನೇ ನೋಡಿ. 1,600 ಕಿ.ಮೀ. ದಾರಿಯನ್ನು 1,270ಕ್ಕೆ ಇಳಿಸುವ ಈ ಯೋಜನೆಯ 71 ಕಿ.ಮೀ. ತುಂಡು ಅಫಜಲಪುರ ತಾಲ್ಲೂಕಿನ ಬಡದಾಳದಿಂದ ಜೇವರ್ಗಿ ಕಡೆ ಸಾಗುತ್ತದೆ. ಅಡಿಗಲ್ಲು ಬಿದ್ದದ್ದು ಮಾತ್ರ 2023ರ ಜನವರಿ 19ರಂದು, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ. ನೃಪತುಂಗನ ರಾಜಧಾನಿಯಲ್ಲಿ ಕಲ್ಲು, ಭೀಮಾ ತೀರದಲ್ಲಿ ರಸ್ತೆ: ಶಾಸನವನ್ನೂ ಕಾರ್ಯವನ್ನೂ ಬೇರೆಬೇರೆ ತಾಲ್ಲೂಕಿನಲ್ಲಿಡುವ ಪದ್ಧತಿ ನೃಪತುಂಗನಿಗೂ ಹೊಳೆದಿರಲಾರದು.

ಇಂಥ ರಸ್ತೆಗೆ ಜಂಟಿ ಅಳತೆ ಮಾಡಲು ಬಂದ ಸರ್ವೆಯರ್‌ಗೆ ಮಟಕಿ ಹಳ್ಳಿಯಲ್ಲಾಗಲಿ ಬಡದಾಳದಲ್ಲಾಗಲಿ ಸಿಗುವ ಉತ್ತರ ಒಂದೇ: ‘ಹೊಲ ಅಜ್ಜನ ಹೆಸರಿಲೇ ಅದರಿ, ಅಜ್ಜ ಹೋಗಿ ಇಪ್ಪತ್ ವರ್ಷ ಆತು.’ ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಪುಣೆಗೆ ದುಡಿಯಲು ಹೋದ ತಮ್ಮನ ಸಹಿ ಇಲ್ಲ. ಪರಿಹಾರದ ಹಣ ಯಾರ ಖಾತೆಗೆಂದು ನಾಲ್ಕನೇ ಬುಧವಾರದ ಪರದೆಯೂ ಹೇಳಲಾರದು. ಗತಿಗೆ ನಿಜವಾದ ಶಕ್ತಿ ಬೇಕಿರುವುದು ತಹಶೀಲ್ದಾರ್ ಕಚೇರಿಯ ಭೂದಾಖಲೆ ಶಾಖೆಯಲ್ಲಿ.

ಹಾಗೆಂದು ಕಾನೂನಿಗೆ ಅವಸರವೇ ಗೊತ್ತಿಲ್ಲವೆಂದಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ 3ಎ ಅಧಿಸೂಚನೆ (ಭೂಸ್ವಾಧೀನದ ಇರಾದೆ) ಹೊರಟ ಒಂದು ವರ್ಷದೊಳಗೆ 3ಡಿ (ಸ್ವಾಧೀನದ ಘೋಷಣೆ) ಹೊರಡದಿದ್ದರೆ 3ಎ ತಾನಾಗಿಯೇ ಬಿದ್ದುಹೋಗುತ್ತದೆ. ಇದೇ ಕಲಮನ್ನು ಅಡಿಗಲ್ಲಿಗೂ ವಿಸ್ತರಿಸಬೇಕೆಂಬುದು ಈ ಪ್ರಬಂಧದ ಶಿಫಾರಸು: ಐದು ತೊಗರಿಯೊಳಗೆ ಕೆಲಸ ಮುಗಿಯದಿದ್ದರೆ ಕಲ್ಲನ್ನು ಕಿತ್ತು, ಬಟ್ಟೆ ಒಗೆಯಲು ಆಯಾ ಊರಿನ ಹಳ್ಳದ ದಂಡೆಗೆ ಹಾಕತಕ್ಕದ್ದು. ಹೆಸರು ಕೆತ್ತಿದ ಮಗ್ಗಲು ಮೇಲಿರಲಿ. ನುಣುಪು ಗ್ರಾನೈಟಿಗಿಂತ ಅಕ್ಷರದ ಮೇಲೆ ಕೊಳೆ ಚೆನ್ನಾಗಿ ಬಿಡುತ್ತದೆ.