ಬೀರುಯಂತ್ರ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸದೆ ಮುಂದಡಿಯಿಡತಕ್ಕದ್ದಲ್ಲವೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದರಂತೆ, ಡಚ್ಚರ ಹೈನೆಕೆನ್ ಸಂಸ್ಥೆಯೂ ಕ್ರುಪ್ಸ್ ಎಂಬ ಗೃಹೋಪಕರಣ ಸಂಸ್ಥೆಯೂ ಕೂಡಿ ಲೋಕಕ್ಕಿತ್ತ ಬೀರ್‌ಟೆಂಡರ್ ಎಂಬ ಮೇಜಿನ ಮೇಲಣ ಯಂತ್ರದೊಳಕ್ಕೆ, ಅಮೆರಿಕದ ಗೃಹಸ್ಥನು ತನ್ನ ಮನೆಯಲ್ಲಿಯೇ ಹುಳಿಸಿದ ಬೀರನ್ನು ಹೊಗಿಸುವ ಉಪಾಯವೇ ಪ್ರಕೃತ ಶಾಸ್ತ್ರದ ವಿಷಯ. ಪ್ರಯೋಜನವು ಒಂದು ಲೋಟ. ಸಂಬಂಧವು ಒಂದು ಕೊಳವೆ. ಅಧಿಕಾರಿಯೋ, ಸಾಧನಚತುಷ್ಟಯಸಂಪನ್ನನಾದವನು, ಅಂದರೆ ಥರ್ಮಾಮೀಟರು, ಹೈಡ್ರೋಮೀಟರು, ಸ್ಪ್ಯಾನರು ಮತ್ತು ಸಹನಶೀಲರಾದ ಮನೆಮಂದಿ ಇವಿಷ್ಟೂ ಉಳ್ಳವನು.

ಈ ಅಧಿಕಾರವು ಅಮೆರಿಕದ ಗೃಹಸ್ಥನಿಗೆ ಅನಾದಿಯಾಗಿ ಬಂದುದೇನೂ ಅಲ್ಲ. 1978ನೆಯ ಇಸವಿ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರರು ಅಂಕಿತ ಹಾಕಿದ ಶಾಸನವು, ಒಬ್ಬನೇ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿಯಿರುವ ಮನೆಗೆ 200 ಗ್ಯಾಲನ್ ಬೀರನ್ನು ಕೇಂದ್ರದ ತೆರಿಗೆಯಿಲ್ಲದೆ ಸ್ವಂತ ಬಳಕೆಗೆ ತಯಾರಿಸಿಕೊಳ್ಳಲು ಅನುಮತಿಯಿತ್ತಿತು; ಅಲಬಾಮಾ ಮತ್ತು ಮಿಸಿಸಿಪಿ ರಾಜ್ಯಗಳು ಮಾತ್ರ ದೀರ್ಘಾಲೋಚನೆಯ ತರುವಾಯ 2013ರಲ್ಲಿ ಒಪ್ಪಿದುವು. 200 ಗ್ಯಾಲನ್ ಎಂದರೆ 757 ಲೀಟರು. ಯಂತ್ರದ ಪೀಪಾಯಿ ಹಿಡಿಯುವುದು 5 ಲೀಟರು. ಆದಕಾರಣ ಶಾಸನದತ್ತವಾದ ಹಕ್ಕನ್ನು ಸಂಪೂರ್ಣವಾಗಿ ಅನುಭವಿಸಬಯಸುವ ದಂಪತಿಗಳು ವರ್ಷಕ್ಕೆ 151 ಬಾರಿ ಪೀಪಾಯಿ ತುಂಬತಕ್ಕದ್ದೆಂದು ಗಣಿತದಿಂದ ಸಿದ್ಧವಾಗುತ್ತದೆ. ಸ್ವಾತಂತ್ರ್ಯವು ಎಷ್ಟು ಭಾರವಾದ ಹೊಣೆಯೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ.

ಇನ್ನು ಪ್ರಥಮ ಸೂತ್ರ: ‘ಸ್ವಪಾತ್ರಮಾತ್ರಗ್ರಾಹಿ ಯಂತ್ರಮ್.’ ಇದರ ಭಾಷ್ಯ: ಪಂಕ್ತಿಗೆ ಬಂದವನ ಗೋತ್ರಪ್ರವರಗಳನ್ನು ವಿಚಾರಿಸಿಯೇ ಎಲೆ ಹಾಕುವ ಹಳೆಯ ಕಾಲದ ಯಜಮಾನನಂತೆ ಈ ಯಂತ್ರವು ತನ್ನ ಕುಲದ ಪೀಪಾಯಿಯನ್ನಲ್ಲದೆ ಅನ್ಯವನ್ನು ಒಳಗೆ ಸೇರಿಸದು. ಬೀರನ್ನು ಹೊರದೂಡುವ ಇಂಗಾಲದ ಡೈಆಕ್ಸೈಡು ಅಮೆರಿಕದಲ್ಲಿ ಮಾರಿದ ಪೀಪಾಯಿಯ ಗರ್ಭದಲ್ಲಿಯೇ ಅಡಗಿರುವುದರಿಂದ, ಯಂತ್ರದ ಕೆಲಸವೆಲ್ಲ ತಣ್ಣಗಿಡುವುದು, ಹಿಡಿಯನ್ನೆಳೆದಾಗ ದಾರಿ ಬಿಡುವುದು, ಇಷ್ಟೇ. ಪೀಪಾಯಿ ಬರಿದಾದೊಡನೆ ಅನಿಲವೂ ತೀರುತ್ತದೆ, ಕೊಳವೆಯೂ ಕಸದಬುಟ್ಟಿಗೆ ಸೇರುತ್ತದೆ, ಗೃಹಸ್ಥನು ಅಂಗಡಿಗೆ ಹೊರಡುತ್ತಾನೆ.

ಈ ಸಂಕಟದ ಪರಿಹಾರದಲ್ಲಿ ಪ್ರಸ್ಥಾನಗಳು ಮೂರು. ಪೀಪಾಯಿಗೂ ಯಂತ್ರಕ್ಕೂ ಭೇದವಿಲ್ಲ, ಆದುದರಿಂದ ಬರಿದಾದ ಸಂಸ್ಥೆಯ ಪೀಪಾಯಿಯನ್ನೇ ಮರಳಿ ತುಂಬತಕ್ಕದ್ದು ಎನ್ನುವರು ಅದ್ವೈತಿಗಳು. ಇದು ಸಲ್ಲದು, ಒಮ್ಮೆ ಕವಾಟವನ್ನು ಕಿತ್ತ ಮೇಲೆ ಅದು ಹಿಂದಿನಂತೆ ಮುಚ್ಚಿಕೊಳ್ಳುವುದು ದುರ್ಲಭ, ಒಳಗಣ ಅನಿಲವಂತೂ ಗತಿಸಿಯೇ ಹೋಗಿದೆ. ಇವೆರಡಕ್ಕೂ ಭೇದವು ನಿತ್ಯಸತ್ಯವೆನ್ನುವ ದ್ವೈತಿಗಳು, ಹಿಂದೆ ಪೆಪ್ಸಿ ಕೋಕಾಕೋಲಾಗಳ ಪಾಕವನ್ನು ಹೊತ್ತು ತಿರುಗಿ ಬಳಿಕ ನಿವೃತ್ತಿಗೊಂಡ ಕಾರ್ನೀಲಿಯಸ್ ಎಂಬ 19 ಲೀಟರಿನ ಉಕ್ಕಿನ ಪಾತ್ರೆಯನ್ನು ತಂದು, ಹಳೆಯ ರೆಫ್ರಿಜರೇಟರಿನೊಳಗಿಟ್ಟು, ಅದರ ಬಾಗಿಲಿಗೆ ತೂತು ಕೊರೆದು ನಲ್ಲಿಯನ್ನು ಸಿಕ್ಕಿಸಿ, ಯಂತ್ರವನ್ನು ಅಟ್ಟಕ್ಕೇರಿಸುತ್ತಾರೆ. ಇದರಲ್ಲಿ ಬೀರು ಉತ್ತಮವಾಗಿ ಬರುವುದೆಂಬುದು ನಿಜವೇ ಆದರೂ, ಶಾಸ್ತ್ರದ ವಿಷಯವೇ ಅಟ್ಟ ಸೇರಿದ ಮೇಲೆ ಶಾಸ್ತ್ರಕಾರನಿಗೆ ಉದ್ಯೋಗವೆಲ್ಲಿ? ಆದಕಾರಣ ಈ ಮತವೂ ತ್ಯಾಜ್ಯ.

ಉಳಿದುದು ವಿಶಿಷ್ಟಾದ್ವೈತ: ಯಂತ್ರದ ಗುಹೆಗೆ ಅಳತೆಯಲ್ಲಿ ಸಮೀಪವಾದ, ರಬ್ಬರ್ ಬಿರಡೆಯ 5 ಲೀಟರಿನ ತಗಡಿನ ಪೀಪಾಯಿಯನ್ನು, 16 ಗ್ರಾಂ ಅನಿಲದ ಪುಟ್ಟ ಉಕ್ಕಿನ ಗುಂಡೆಂಬ ವಿಶೇಷಣದಿಂದ ಕೂಡಿಸಿ ಒಳಗಿಡುವುದು. ಇಲ್ಲಿ ಸಾಧಕನು ಎಚ್ಚರಿರಬೇಕಾದ ಸ್ಥಾನಗಳು ಎರಡು. ಸೀಸೆಗೆ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಹಾಕುವವನು ತಗಡಿಗೆ ಅದರ ಅರ್ಧದಷ್ಟನ್ನೇ ಹಾಕತಕ್ಕದ್ದು. ಮೀರಿದರೆ ಪೀಪಾಯಿಯು ತಳದಲ್ಲಿ ಉಬ್ಬಿ, ನೇರವಾಗಿ ನಿಲ್ಲುವ ಗುಣವನ್ನು ಕುಡಿಯುವವನಿಗಿಂತ ಮೊದಲೇ ಕಳೆದುಕೊಳ್ಳುತ್ತದೆ. ಎರಡನೆಯದಾಗಿ, ಮನೆಯ ಬೀರಿನಲ್ಲಿ ಯೀಸ್ಟು ಜೀವಂತವಾಗಿದ್ದು ತಳದಲ್ಲಿ ಗಸಿಯಾಗಿ ಕೂರುವುದರಿಂದ, ತಳಮುಟ್ಟುವ ಕೊಳವೆಯನ್ನು ಒಂದೆರಡು ಸೆಂಟಿಮೀಟರು ಕತ್ತರಿಸದವನಿಗೆ ಮೊದಲ ಲೋಟವು ಕೆಸರಾಗಿ ಲಭಿಸುತ್ತದೆ. ಆ ಲೋಟವನ್ನು ಅತಿಥಿಗೆ ನೀಡುವುದು ಶಾಸ್ತ್ರಸಮ್ಮತವಲ್ಲ.

ದ್ವಿತೀಯ ಸೂತ್ರ: ‘ಫೇನಃ ಪ್ರತಿಬಂಧಕಃ.’ ದ್ರವದಲ್ಲಿ ಕರಗುವ ಅನಿಲದ ಪ್ರಮಾಣವು ಅದರ ಮೇಲಣ ಒತ್ತಡವನ್ನು ಅನುಸರಿಸುವುದೆಂದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿಯೇ ಪ್ರಕಟಿಸಿದನು. ಅವನ ನಿಯಮದಂತೆ 3 ಡಿಗ್ರಿ ಸೆಂಟಿಗ್ರೇಡಿನಲ್ಲಿ ಬೀರು ತನ್ನ ಗಾತ್ರದ ಎರಡೂವರೆಪಟ್ಟು ಅನಿಲವನ್ನು ಹೊತ್ತಿರಬೇಕಾದರೆ, ಪೀಪಾಯಿಯೊಳಗೆ ವಾಯುಮಂಡಲಕ್ಕಿಂತ ಸುಮಾರು 0.8 ಬಾರ್ ಹೆಚ್ಚಿನ ಒತ್ತಡವಿರಬೇಕು. ಗೇಣುದ್ದದ ಕೊಳವೆಯಲ್ಲಿ ಆ ಒತ್ತಡವನ್ನು ಹಠಾತ್ತಾಗಿ ಬಿಟ್ಟರೆ ಲೋಟಕ್ಕೆ ಬೀಳುವುದು ನೊರೆ ಮಾತ್ರ. ಆದಕಾರಣ ತೃತೀಯ ಸೂತ್ರ: ‘ಅತೋ ನಲಿಕಾದೈರ್ಘ್ಯಮ್.’ 5 ಮಿಲಿಮೀಟರು ಒಳವ್ಯಾಸದ ಕೊಳವೆಯನ್ನು ಒಂದೂವರೆ ಎರಡು ಮೀಟರು ಉದ್ದಕ್ಕೆ ಅಳವಡಿಸಿದಲ್ಲಿ, ಅದರ ಗೋಡೆಗಳೊಡನೆ ತಿಕ್ಕಾಡಿ ಬೀರಿನ ಆವೇಗವು ಶಮನಗೊಂಡು, ಸಾಧುವಾಗಿ ಲೋಟಕ್ಕಿಳಿಯುತ್ತದೆ. ಗೇಣು ಜಾಗದಲ್ಲಿ ಎರಡು ಮೀಟರು ಎಲ್ಲಿಡುವುದೆಂದು ಶಿಷ್ಯನು ಕೇಳಿದರೆ, ಪೀಪಾಯಿಯ ಸುತ್ತಲೇ ಸುರುಳಿ ಸುತ್ತತಕ್ಕದ್ದು, ಕೊಳವೆಯೂ ತಂಪಾಗಿರುವುದು. ಮುಚ್ಚಳ ಮುಚ್ಚದಿದ್ದರೆ ಹೇಗೆಂದು ಮತ್ತೆ ಕೇಳಿದರೆ, ಅಂಥವನು ಮಂದಾಧಿಕಾರಿಯೆಂದು ತಿಳಿಯತಕ್ಕದ್ದು.

ಕಡೆಯ ಸೂತ್ರ: ‘ಆದಾವಂತೇ ಚ ಕ್ಷಾಲನಮ್.’ ತುಂಬುವ ಮುನ್ನ ತೊಳೆಯುವುದು, ಬರಿದಾದ ಮೇಲೆ ತೊಳೆಯುವುದು, ನಡುವೆ ನಲ್ಲಿಯನ್ನು ತೊಳೆಯುವುದು. ಉಪೇಕ್ಷಿಸಿದವನ ಬೀರನ್ನು ಬ್ಯಾಕ್ಟೀರಿಯಗಳು ವಿನಿಗರ್ ಮಾಡುವುವು. 151 ಪೀಪಾಯಿಗಳ ಲೆಕ್ಕದಲ್ಲಿ ಇದು ಎರಡೂವರೆ ದಿನಕ್ಕೊಮ್ಮೆ ಬರುವ ವ್ರತ.

ಇಲ್ಲಿ ಪೂರ್ವಪಕ್ಷಿಯು ಎದ್ದುನಿಂತು, ‘ಅಯ್ಯಾ, ಬೀರನ್ನು ಸೀಸೆಯಲ್ಲಿ ತುಂಬಿಟ್ಟು ಬಿರಡೆ ತೆಗೆದು ಕುಡಿದರೆ ಆಗದೆ?’ ಎನ್ನುತ್ತಾನೆ. ಆಗುತ್ತದೆ, ರುಚಿಯಲ್ಲಿಯೂ ಕೊರತೆಯಿಲ್ಲ. ಆದರೆ ಈ ಯಂತ್ರವು ಹುಟ್ಟಿದುದು ಮದ್ಯಶಾಲೆಯನ್ನು ಮನೆಗೆ ತಂದು ಮನುಷ್ಯನ ಶ್ರಮವನ್ನು ಉಳಿಸಲೆಂದು. ಗೃಹಸ್ಥನು ಅದನ್ನು ಬಿಚ್ಚಿದುದು ಉಳಿದ ಶ್ರಮವನ್ನು ಬಡ್ಡಿಸಹಿತ ಮರಳಿ ಪಡೆಯಲೆಂದು. ಕುಡಿಯುವುದು ಅವನಿಗೆ ಕೊಳವೆ ಸೋರುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಒಂದು ವಿಧಾನ ಮಾತ್ರ. ಇದೇ ಸಿದ್ಧಾಂತ.

ಕನ್ನಡನಾಡಿನ ವಾಚಕರಲ್ಲಿ ಒಂದು ವಿಜ್ಞಾಪನೆ: 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಮೇರೆಗೆ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧ, ಆದುದರಿಂದ ಈ ಶಾಸ್ತ್ರವನ್ನು ಶ್ರವಣ ಮನನಗಳಲ್ಲಿಯೇ ನಿಲ್ಲಿಸತಕ್ಕದ್ದು.