ಚಿಲ್ಲರೆ ಇಲ್ಲದ ಗಗನಸಖಿ

ವಿಮಾನ ಹತ್ತಿದೊಡನೆ ನಮ್ಮ ಮಾವನವರಿಗೆ ಒಂದೇ ಚಿಂತೆ: ಇಲ್ಲಿ ಕಂಡಕ್ಟರ್ ಯಾರು? ಹೆಗಲ ಮೇಲೆ ನಾಲ್ಕು ಪಟ್ಟಿಯವರು ಕ್ಯಾಪ್ಟನ್, ಮೂರು ಪಟ್ಟಿಯವರು ಫಸ್ಟ್ ಆಫೀಸರ್ ಎಂದೆ. "ಫಸ್ಟ್ ಅಂದಮೇಲೆ ಎರಡನೆಯವರು ಹೇಗಾದರು?" ನನ್ನಲ್ಲಿ ಉತ್ತರವಿರಲಿಲ್ಲ.

ಗಗನಸಖಿ ಎಂದು ಚೆಂದದ ಹೆಸರಿಟ್ಟ ನಾವು, ಗಂಡಸರೂ ಟ್ರಾಲಿ ತಳ್ಳುವುದನ್ನು ಕಂಡಾಗ ಗಗನಸಖ ಎನ್ನಲು ನಾಚಿದೆವೇನೋ. ಈಗ ಎಲ್ಲರೂ ಕ್ಯಾಬಿನ್ ಕ್ರೂ. 1930ರಲ್ಲಿ ಅಮೆರಿಕದಲ್ಲಿ ಈ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು ಎಲೆನ್ ಚರ್ಚ್, ನರ್ಸ್. ಕಾಫಿ ಕೊಡುವುದು ಕ್ಯಾಬಿನ್ ಕ್ರೂಗೆ ಇಂದಿಗೂ ಉಪಕಸುಬು. ಅವಘಡವಾದರೆ ಅರ್ಧ ಬಾಗಿಲುಗಳಲ್ಲೇ 90 ಸೆಕೆಂಡಿಗೆ ವಿಮಾನ ಖಾಲಿಯಾಗಬೇಕೆಂಬ ಲೆಕ್ಕವಿದೆ. ನಮ್ಮನ್ನು ಹೊರದಬ್ಬುವವರು ಇವರೇ.

ಮಾವ ಉಪ್ಪಿಟ್ಟಿಗೆ ಐನೂರರ ನೋಟು ಚಾಚಿದರು.

"ಚಿಲ್ಲರೆ ಇಲ್ಲ ಸರ್."

"ನೋಡಿದೆಯಾ," ಮಾವ ನನ್ನತ್ತ ತಿರುಗಿದರು, "ಇವಳೇ ಕಂಡಕ್ಟರ್!"