ಗುಂಡಿ ಕಳೆದುಕೊಂಡವರ ಜೊತೆ ನಾಲ್ಕು ಮಾತು
(ಕಾಲ್ಪನಿಕ ಸಂದರ್ಶನ)

ಆ್ಯಪಲ್ ಕಂಪನಿ 2009ರ ಮಾರ್ಚ್‌ನಲ್ಲಿ ಹೊರತಂದ ಮೂರನೇ ತಲೆಮಾರಿನ ಐಪಾಡ್ ಶಫಲ್ ಅವರು ಇಂದು ನಮ್ಮ ಅತಿಥಿ. ಉದ್ದ ನಾಲ್ಕೂವರೆ ಸೆಂಟಿಮೀಟರ್, ತೂಕ 11 ಗ್ರಾಂಗೂ ಕಮ್ಮಿ. ಪರದೆಯಿಲ್ಲ, ಹಾಡು ಬದಲಿಸಲು ಮೈಮೇಲೊಂದು ಗುಂಡಿಯೂ ಇಲ್ಲ. ಕುರ್ಚಿ ಕೊಟ್ಟೆವು, ಕೂತರೋ ನಿಂತರೋ ತಿಳಿಯಲಿಲ್ಲ.

ನಾವು: ನಮಸ್ಕಾರ. ತಮ್ಮ ಮುಖ ಯಾವ ಕಡೆ?

ಶಫಲ್: ನಮ್ಮ ಮನೆತನದಲ್ಲಿ ಅದನ್ನು ಕೇಳಬಾರದು. 2005ರಲ್ಲಿ ಬಂದ ಹಿರಿಯಣ್ಣನಿಗೂ ಪರದೆ ಇರಲಿಲ್ಲ. ನೋಡಲು ಚೂಯಿಂಗ್ ಗಮ್ಮಿನ ಪೊಟ್ಟಣ. 'ಶಫಲ್ ತಿನ್ನಬೇಡಿ' ಎಂದು ಕಂಪನಿಯೇ ತಮಾಷೆಗೆ ಬರೆದಿತ್ತು. ಎರಡನೆಯವನು ಕ್ಲಿಪ್ಪಾಗಿ ಅಂಗಿಗೆ ಕಚ್ಚಿಕೊಂಡ. ಇಬ್ಬರಿಗೂ ಎದೆಯ ಮೇಲೆ ಗುಂಡಿಗಳಿದ್ದವು. ನನ್ನ ಸರದಿಗೆ ಅವನ್ನು ಕಿತ್ತು ಇಯರ್‌ಫೋನಿನ ವೈರಿಗೆ ವರ್ಗ ಮಾಡಿದರು.

ನಾವು: ಉಳಿದ ಜಾಗದಲ್ಲಿ ಏನು ಮಾಡಿದಿರಿ?

ಶಫಲ್: ಏನೂ ಇಲ್ಲ, ನುಣ್ಣಗಿದ್ದೆ. ನೋಡಿ, 2001ರಲ್ಲಿ ನಮ್ಮ ದೊಡ್ಡಪ್ಪ, ಮೊದಲ ಐಪಾಡ್, ಜೇಬಿನಲ್ಲಿ ಸಾವಿರ ಹಾಡು ಎನ್ನುತ್ತಾ ಬಂದ. ಹೊಟ್ಟೆಯಲ್ಲಿ 5 ಜಿಬಿಯ ಹಾರ್ಡ್‌ಡಿಸ್ಕ್, ಮೇಲೆ ನಿಜವಾಗಿಯೂ ತಿರುಗುವ ಚಕ್ರ, ತೂಕ ಸುಮಾರು 185 ಗ್ರಾಂ. ಫ್ಲ್ಯಾಶ್ ಮೆಮೊರಿಯ ದಯೆಯಿಂದ ನಾನೂ ಸಾವಿರ ಹಾಡು ಹೊರುತ್ತೇನೆ. ಆದರೆ ಅವನ ಚಕ್ರ ತಿರುಗಿಸಿದರೆ ಬೇಕಾದ ಹಾಡು ಎದುರಿಗೆ ಬರುತ್ತಿತ್ತು. ನನ್ನಲ್ಲಿ ಒಂದೊಂದನ್ನೇ ದಾಟಬೇಕು.

ನಾವು: ದಾಟುವುದು ಹೇಗೆ?

ಶಫಲ್: ಬಲು ಸುಲಭ. ವೈರಿನ ನಡುಗುಂಡಿ ಒಮ್ಮೆ ಒತ್ತಿದರೆ ಹಾಡು, ಇಲ್ಲವೇ ಮೌನ. ಎರಡು ಸಲಕ್ಕೆ ಮುಂದಿನದು, ಮೂರು ಸಲಕ್ಕೆ ಹಿಂದಿನದು. ಒತ್ತಿ ಹಿಡಿದರೆ ಹಾಡಿನ ಹೆಸರು ಹೇಳುತ್ತೇನೆ. ಇನ್ನೂ ಹಿಡಿದರೆ ಪಟ್ಟಿಗಳ ಹೆಸರು.

(ಗಾಬರಿಯಲ್ಲಿ ಮೂರು ಸಲ ಒತ್ತಿದೆವು.)

ಶಫಲ್: ಏನೂ ಇಲ್ಲ, ನುಣ್ಣಗಿದ್ದೆ. ನೋಡಿ, 2001ರಲ್ಲಿ ನಮ್ಮ ದೊಡ್ಡಪ್ಪ...

ನಾವು: ಸಾಕು ಸ್ವಾಮಿ, ಸಾಕು! ಹಾಡಿನ ಹೆಸರು ಕನ್ನಡದಲ್ಲಿ ಹೇಳುತ್ತೀರಾ?

ಶಫಲ್: 14 ಭಾಷೆ ಬಲ್ಲೆ. ಗ್ರೀಕ್, ಟರ್ಕಿಷ್, ಪೋಲಿಷ್, ಸ್ವೀಡಿಷ್ ಎಲ್ಲ ಸೇರಿ. ಭಾರತದ್ದು ಒಂದೂ ಇಲ್ಲ.

ನಾವು: ಮತ್ತೆ ಈಗ ಆಡುತ್ತಿರುವುದು?

ಶಫಲ್: ಕಾಲ್ಪನಿಕ ಎಂದು ಮೇಲೆ ಹಾಕಿದವರು ನೀವೇ ತಾನೇ?

ನಾವು: ಬೇರೆ ಇಯರ್‌ಫೋನ್ ಸಿಕ್ಕಿಸಿದರೆ?

ಶಫಲ್: ವೈರಿನಲ್ಲಿ ಗುಂಡಿ ಇಲ್ಲದ್ದಾದರೆ ದನಿ ಏರಿಸಲಾರಿರಿ, ಹಾಡು ದಾಟಿಸಲಾರಿರಿ. ತಲೆಯ ಮೇಲಿನ ಸ್ವಿಚ್ಚಿನಿಂದ ನನ್ನ ಬಾಯಿ ಮುಚ್ಚಿಸಬಹುದು, ಅಷ್ಟೆ. ಇದನ್ನೇ ಸರಳ ವಿನ್ಯಾಸ ಎನ್ನುತ್ತಾರೆ.

ನಾವು: ಸರಳ ಯಾರಿಗೆ?

ಶಫಲ್: ನೋಡುವವರಿಗೆ.

ನಾವು: ತಮ್ಮನ ಬಗ್ಗೆ ಎರಡು ಮಾತು...

ಶಫಲ್: 2010ರ ಸೆಪ್ಟೆಂಬರಿನಲ್ಲಿ ಹುಟ್ಟಿದ, ಗುಂಡಿಗಳ ಸಮೇತ! ನನ್ನ ಆಯುಸ್ಸು ಒಂದೂವರೆ ವರ್ಷ. ತಮಾಷೆ ಕೇಳಿ: ಅವನಿಗೆ ಗುಂಡಿ ಮರಳಿ ಕೊಟ್ಟ ದಿನವೇ ಐಪಾಡ್ ನ್ಯಾನೊ ಅಕ್ಕನ ಚಕ್ರ ಕಿತ್ತು ಮುಟ್ಟುಪರದೆ ಅಂಟಿಸಿದರು. 2017ರ ಜುಲೈನಲ್ಲಿ ಶಫಲ್, ನ್ಯಾನೊ ಎರಡೂ ವಂಶಗಳ ಬಾಗಿಲು ಮುಚ್ಚಿತು.

ಓದುಗರ ಗಮನಕ್ಕೆ: ನಿಮ್ಮ ಮೇಜಿನ ಡ್ರಾಯರಿನಲ್ಲಿ ಈ ಮಹನೀಯರು ಸಿಕ್ಕರೆ ಮೊದಲು ಅವರ ಇಯರ್‌ಫೋನ್ ಹುಡುಕಿ. ಎಷ್ಟೇ ಕೊಳೆಯಾಗಿದ್ದರೂ ಎಸೆಯಬೇಡಿ. ಯಂತ್ರವನ್ನು ನಡೆಸುವುದು ಅದೇ, ಉಳಿದದ್ದು ಕ್ಲಿಪ್ಪು.